ಮಳೆಗಾಲದ ನಿದ್ದೆ ಮತ್ತು ಐದು ಪ್ರಶ್ನೆಗಳು

(ಅಂಕೋಲೆಯಲ್ಲಿ ಮೀನುಗಾರರು, ಶಿಕ್ಷಕರು, ಸ್ವಸಹಾಯ ಸಂಘದ ಮಹಿಳೆಯರು ಸೇರಿದ್ದ ಸಭೆಯಲ್ಲಿ ಆಪ್ತಸಮಾಲೋಚಕರೊಬ್ಬರು ಆಡಿದ ಮಾತಿನ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಲಾಗಿದೆ.)

ಕುಮಟಾ ಕಡೆಯಿಂದ ಬಸ್ಸಿನಲ್ಲಿ ಬಂದವರು ಶಿರೂರು ಗುಡ್ಡದ ಬುಡದಲ್ಲೇ ಬಂದಿರುತ್ತೀರಿ. ಬಸ್ಸು ಆ ಜಾಗಕ್ಕೆ ಬಂದಾಗ ಮಾತು ನಿಲ್ಲಿಸಿ ಕಿಟಕಿಯಿಂದ ಮೇಲೆ ನೋಡಿದವರು ಎಷ್ಟು ಜನ? ಕೈ ಎತ್ತುವುದು ಬೇಡ. ನಾನೂ ನೋಡುತ್ತೇನೆ. 2024ರ ಜುಲೈ 16ರ ನಂತರ ಅಲ್ಲಿ ಮೇಲೆ ನೋಡದೆ ಹೋಗುವುದೇ ಕಷ್ಟ. ಹೆದ್ದಾರಿ, ಚಹಾದಂಗಡಿ, ನಿಂತಿದ್ದ ವಾಹನಗಳು, ಎಲ್ಲದರ ಮೇಲೆ ಗುಡ್ಡ ಬಂದಿತ್ತು. ಅದು ಗಂಗಾವಳಿಗೆ ಬಿದ್ದ ರಭಸಕ್ಕೆ ಎದುರಿನ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು.

ಮೇಲೆ ನೋಡುವುದು ಕಾಯಿಲೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿನ ಮಾತು ಮುಗಿಯುವ ಹೊತ್ತಿಗೆ ಕೆಲವರಿಗೆ 'ಇದೆಲ್ಲ ನನಗೂ ಇದೆ' ಅನ್ನಿಸಬಹುದು. ನಿಜವಾಗಿ ತೊಂದರೆಯಲ್ಲಿರುವವರು ಆ ಬಸ್ಸಿನಲ್ಲಿ ಬರುವುದೇ ಇಲ್ಲ. ರೈಲಿಗೆ ಬರುತ್ತಾರೆ. ಅಥವಾ ಮನೆಯಲ್ಲೇ ಉಳಿಯುತ್ತಾರೆ. ಕೇಳಿದರೆ 'ಸೊಂಟ ನೋವು' ಅನ್ನುತ್ತಾರೆ. ಅಂಥವರಿಗೆ ತಮ್ಮನ್ನು ತಾವೇ ನೋಡಿಕೊಳ್ಳಲು ಒಂದು ಪುಟ್ಟ ಪ್ರಶ್ನೆಪಟ್ಟಿ ಇದೆ. ಅದನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು, ನಮ್ಮ ಕರಾವಳಿಯಲ್ಲಿ ಅದು ಎಲ್ಲಿ ಎಡವುತ್ತದೆ, ಅಷ್ಟೇ ನಾನು ಮಾತಾಡಬೇಕೆಂದಿರುವುದು.

ಕಾಯಿಲೆಯ ಹೆಸರು ಪಿಟಿಎಸ್‌ಡಿ, ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್. ಆಘಾತದ ನಂತರ ಉಳಿದುಬಿಡುವ ಒತ್ತಡ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಪಾಡು ನೋಡಿ 1980ರಲ್ಲಿ ಅಲ್ಲಿನ ಮನೋವೈದ್ಯರು ಈ ಹೆಸರನ್ನು ತಮ್ಮ ಕೈಪಿಡಿಗೆ ಸೇರಿಸಿದರು. ಹಾಗಾಗಿ ಇದು ಸೈನಿಕರ ಕಾಯಿಲೆ ಎಂಬ ಭಾವನೆ ಇನ್ನೂ ಇದೆ. ಕಾರವಾರದಲ್ಲಿ ನೌಕಾನೆಲೆ ಇದೆ, ಮಾಜಿ ಸೈನಿಕರೂ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅವರಿಗೂ ಇದು ಅನ್ವಯಿಸುತ್ತದೆ. ಆದರೆ ಹೆಚ್ಚಿನವರು ಸಮವಸ್ತ್ರ ಹಾಕಿದವರಲ್ಲ. ಅರಬೈಲ್ ಘಟ್ಟದಲ್ಲಿ ಲಾರಿ ಮಗುಚಿ ಬದುಕಿದವರು. ಗಂಡನ ಹೊಡೆತ ತಿಂದ ಹೆಂಗಸರು. ಚಿಕ್ಕಂದಿನಲ್ಲಿ ಯಾರೋ ಮುಟ್ಟಬಾರದ ಹಾಗೆ ಮುಟ್ಟಿದ್ದನ್ನು ಇವತ್ತಿಗೂ ಯಾರಿಗೂ ಹೇಳದವರು. ಹೆರಿಗೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದವರು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಕಾರಣಗಳಿಗೆ ಬರ ಇಲ್ಲ. 2009ರಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. 2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ. ಅದಕ್ಕೆ ಸ್ವಲ್ಪ ಮುಂಚೆ, 2018ರ ಡಿಸೆಂಬರ್‌ನಲ್ಲಿ, ಮಲ್ಪೆಯಿಂದ ಹೊರಟ ಬೋಟ್ ಜೊತೆ ಕಾಣೆಯಾದ ಏಳು ಮೀನುಗಾರರಲ್ಲಿ ಐವರು ನಮ್ಮ ಜಿಲ್ಲೆಯವರು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿದು ಲಾರಿ ನೀರಿಗೆ ಬಿತ್ತು, ಚಾಲಕ ಹೇಗೋ ಬದುಕಿದ. ಈ ಒಂದೊಂದು ಘಟನೆಯಲ್ಲೂ ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬಂತು. ಬದುಕಿದವರ, ನೋಡಿದವರ, ಹೆಣ ಎತ್ತಿದವರ ಲೆಕ್ಕ ಯಾರೂ ಇಡಲಿಲ್ಲ.

ಹಾಗೆಂದು ಇವರೆಲ್ಲ ರೋಗಿಗಳಾಗುತ್ತಾರೆ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ನೂರಕ್ಕೆ 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಆಘಾತ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು ನೂರಕ್ಕೆ ಆರು ಜನರಿಗಿಂತ ಕಡಿಮೆ. ಉಳಿದವರು ಕೆಲವು ವಾರ ನಲುಗುತ್ತಾರೆ, ಅಳುತ್ತಾರೆ, ನಿದ್ದೆಗೆಡುತ್ತಾರೆ, ನಿಧಾನವಾಗಿ ಸರಿಹೋಗುತ್ತಾರೆ. ಮನೆಯವರು, ಕೆಲಸ, ದೇವರು, ನೆರೆಹೊರೆ, ಇವೆಲ್ಲ ಸೇರಿ ಎತ್ತಿ ನಿಲ್ಲಿಸುತ್ತವೆ. ಅದಕ್ಕೇ ಘಟನೆ ನಡೆದ ಮೊದಲ ತಿಂಗಳಲ್ಲಿ ಯಾರೂ ಈ ಪಟ್ಟಿ ಹಿಡಿದು ಕೂರಬೇಡಿ. ಒಂದು ತಿಂಗಳು ದಾಟದೆ ವೈದ್ಯರೂ ಪಿಟಿಎಸ್‌ಡಿ ಅನ್ನುವುದಿಲ್ಲ. ಆ ಹೊತ್ತಿಗೆ ಬೇಕಾಗಿರುವುದು ಊಟ, ಒಣಬಟ್ಟೆ, ಮಲಗಲು ಜಾಗ, ಕಾಣೆಯಾದವರ ಬಗ್ಗೆ ಸರಿಯಾದ ಸುದ್ದಿ. 'ಏನಾಯ್ತು, ಬಿಡಿಸಿ ಹೇಳು' ಎಂದು ಮೈಕ್ ಹಿಡಿಯುವವರನ್ನು ದೂರ ಇಡಿ. ಎಲ್ಲರನ್ನೂ ಕೂರಿಸಿ ಒಂದೇ ಸಲ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರ ಆಗುತ್ತದೆ ಎಂಬ ಪದ್ಧತಿ ಹಿಂದೆ ಇತ್ತು. ಅದರಿಂದ ಪ್ರಯೋಜನ ಇಲ್ಲ ಎಂದು ಈಗ ಗೊತ್ತಾಗಿದೆ.

ಇನ್ನು ಪಟ್ಟಿಗೆ ಬರೋಣ. ಹೆಸರು ಪಿಸಿ-ಪಿಟಿಎಸ್‌ಡಿ-5. ಅಮೆರಿಕದ ಮಾಜಿ ಸೈನಿಕರ ಇಲಾಖೆಯಲ್ಲಿರುವ ಪಿಟಿಎಸ್‌ಡಿ ಕೇಂದ್ರ ಇದನ್ನು ಸಿದ್ಧಪಡಿಸಿತು. ಜ್ವರ, ಸಕ್ಕರೆ ಕಾಯಿಲೆ ನೋಡುವ ಸಾಮಾನ್ಯ ವೈದ್ಯರೂ ಎರಡು ನಿಮಿಷದಲ್ಲಿ ಕೇಳಿ ಮುಗಿಸುವ ಹಾಗಿದೆ. ಮೊದಲು ಒಂದು ಬಾಗಿಲು ಪ್ರಶ್ನೆ: ಜೀವಕ್ಕೇ ಕುತ್ತು ತರುವಂಥ ಘಟನೆ ನಿಮಗೆ ಆಗಿದೆಯಾ, ಅಥವಾ ಕಣ್ಣಾರೆ ನೋಡಿದ್ದೀರಾ? ಇಲ್ಲ ಎಂದರೆ ಅಲ್ಲಿಗೇ ಮುಗಿಯಿತು. ಹೌದಾದರೆ ಐದು ಪ್ರಶ್ನೆ. ಎಲ್ಲವೂ ಕಳೆದ ಒಂದು ತಿಂಗಳ ಬಗ್ಗೆ. ಉತ್ತರ ಹೌದು ಅಥವಾ ಇಲ್ಲ.

ಬಾಗಿಲು ಪ್ರಶ್ನೆಯ ಹತ್ತಿರವೇ ಒಬ್ಬರು ಕೈ ಎತ್ತಿದರು. 'ನಾವು ಶಿರಸಿಯಲ್ಲಿದ್ದೆವು. ದಿನವಿಡೀ ಟಿವಿಯಲ್ಲಿ, ವಾಟ್ಸಾಪಲ್ಲಿ ಅದನ್ನೇ ನೋಡಿ ನೋಡಿ ನನಗೂ ನಿದ್ದೆ ಹೋಯ್ತು. ಅದು ಲೆಕ್ಕಕ್ಕೆ ಬರುತ್ತಾ?' ವೈದ್ಯರ ಕೈಪಿಡಿಯ ಪ್ರಕಾರ ಪರದೆಯ ಮೇಲೆ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ, ಅದು ನಿಮ್ಮ ಕೆಲಸದ ಭಾಗವಾಗಿದ್ದರೆ ಮಾತ್ರ ಬೇರೆ ಮಾತು. ಆದರೆ ನಿಮ್ಮ ಸ್ವಂತ ಅಣ್ಣನೋ ಮಗನೋ ಅಪಘಾತದಲ್ಲಿ ಹೋದ ಎಂದು ಫೋನಿನಲ್ಲಿ ತಿಳಿದರೂ ಅದು ಬರುತ್ತದೆ, ನೀವು ಅಲ್ಲಿರಬೇಕೆಂದಿಲ್ಲ. ಮತ್ತೆ ಮತ್ತೆ ಇಂಥದ್ದನ್ನು ಎದುರಿಸುವ ಕೆಲಸದವರು, ಅಂದರೆ ಆಂಬುಲೆನ್ಸ್ ಚಾಲಕರು, ಪೊಲೀಸರು, ಅಗ್ನಿಶಾಮಕ ದಳದವರು, ಇವರೂ ಬರುತ್ತಾರೆ. ನನ್ನನ್ನು ಕೇಳಿದರೆ ನೀರಿಗಿಳಿದು ಹುಡುಕುವ ನಮ್ಮ ಮೀನುಗಾರ ಹುಡುಗರು ಈ ಸಾಲಿನಲ್ಲಿ ಮೊದಲು ನಿಲ್ಲಬೇಕು. ಎಲ್ಲಿ ದೋಣಿ ಮಗುಚಲಿ, ಮೊದಲು ಹಾರುವವರು ಅವರು. ಸನ್ಮಾನಕ್ಕೆ ಶಾಲು ಹೊದಿಸುತ್ತೇವೆ. ರಾತ್ರಿ ನಿದ್ದೆ ಬರುತ್ತಾ ಎಂದು ಯಾರೂ ಕೇಳುವುದಿಲ್ಲ.

ಮೊದಲ ಪ್ರಶ್ನೆ: ಆ ಘಟನೆಯ ಕೆಟ್ಟ ಕನಸು ಬೀಳುತ್ತಾ, ಬೇಡವೆಂದರೂ ನೆನಪು ನುಗ್ಗಿ ಬರುತ್ತಾ? ಇಲ್ಲಿ ನೆನಪು ಅಂದರೆ ಸುಮ್ನೆ ನೆನೆಸಿಕೊಳ್ಳುವುದಲ್ಲ. ಅದು ಈಗ, ಇಲ್ಲೇ ನಡೆಯುತ್ತಿರುವ ಹಾಗೆ ಮೈ ಪ್ರತಿಕ್ರಿಯಿಸುತ್ತದೆ. ಹಿಟಾಚಿ ಹಿಂದೆ ಬರುವಾಗ ಬೀಪ್ ಬೀಪ್ ಅನ್ನುತ್ತದಲ್ಲ, ಆ ಸದ್ದು ಕೇಳಿದರೆ ಅಂಗಡಿಯೊಳಗೆ ಹೋಗಿ ಶಟರ್ ಅರ್ಧ ಎಳೆದು ಕೂರುವ ಒಬ್ಬರನ್ನು ನಾನು ಬಲ್ಲೆ. ದಿನಗಟ್ಟಲೆ ಹುಡುಕಾಟ ನಡೆಯುವಾಗ ಅವರು ಆ ಸದ್ದಿನ ಪಕ್ಕದಲ್ಲೇ ಇದ್ದರು. ಬೇರೊಬ್ಬರಿಗೆ ಹಸಿ ಕೆಮ್ಮಣ್ಣಿನ ವಾಸನೆ. ಊರಿಗೆಲ್ಲ ಮೊದಲ ಮಳೆಯ ಪರಿಮಳ, ಅವರಿಗೆ ವಾಕರಿಕೆ. ಹೀಗೆ ಸದ್ದಿಗೆ, ವಾಸನೆಗೆ ಎದೆ ಹೊಡೆದುಕೊಂಡರೆ ಅದೂ 'ಹೌದು'. ಚಿತ್ರ ಕಾಣಲೇಬೇಕೆಂದಿಲ್ಲ.

ಎರಡನೆಯದು: ಅದರ ಯೋಚನೆಯಿಂದ, ಅದನ್ನು ನೆನಪಿಸುವ ಜಾಗ ಅಥವಾ ಜನರಿಂದ ತಪ್ಪಿಸಿಕೊಳ್ಳಲು ಪ್ರಯಾಸ ಪಡುತ್ತೀರಾ? ಇದಕ್ಕೆ ನಮ್ಮಲ್ಲಿ ಹೆಚ್ಚಿನವರು 'ಇಲ್ಲ' ಅನ್ನುತ್ತಾರೆ. ಸುಳ್ಳು ಹೇಳುತ್ತಾರೆಂದಲ್ಲ, ತಪ್ಪಿಸಿಕೊಳ್ಳುವುದಕ್ಕೆ ಒಳ್ಳೊಳ್ಳೆ ಕಾರಣ ಸಿಕ್ಕಿಬಿಟ್ಟಿರುತ್ತದೆ. 'ರೈಲು ಆರಾಮ, ಬಸ್ಸಲ್ಲಿ ತಲೆ ತಿರುಗುತ್ತದೆ.' 'ಬಲೆ ರಿಪೇರಿ ಬಾಕಿ ಇದೆ.' 'ಆ ಕಡೆ ಕೆಲಸ ಇಲ್ಲ.' ಕಾರಣ ನಿಜವೇ ಇರಬಹುದು. ಕಾರಣ ತೀರಿದ ಮೇಲೂ ಹೋಗುತ್ತಿಲ್ಲವಾ ನೋಡಿ.

ಮೀನುಗಾರರಿಗೆ ಇಲ್ಲೊಂದು ವಿಶೇಷ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಎಲ್ಲಾ ಬೋಟೂ ದಡದಲ್ಲೇ. ಯಾರು ಸಮುದ್ರಕ್ಕೆ ಹೆದರಿ ಕೂತಿದ್ದಾರೆ, ಯಾರು ಕಾನೂನಿಗೆ ಕೂತಿದ್ದಾರೆ, ಗೊತ್ತಾಗುವುದೇ ಇಲ್ಲ. ಸ್ವತಃ ಅವರಿಗೂ ಗೊತ್ತಾಗುವುದಿಲ್ಲ. ಆ ಜುಲೈಯಲ್ಲಿ ಪಟ್ಟಿ ತುಂಬಿದರೆ ಎರಡನೇ ಪ್ರಶ್ನೆಗೆ ಖುಷಿಯಿಂದ 'ಇಲ್ಲ' ಬರೆಯುತ್ತಾರೆ. ಆಗಸ್ಟ್‌ನಲ್ಲಿ ಸಮುದ್ರಪೂಜೆ ಮುಗಿದು ಬೋಟ್ ಇಳಿಸುವ ದಿನ ಬೆಳಗಿನ ಜಾವ ಹೊಟ್ಟೆ ಕೆಟ್ಟುಹೋಗುತ್ತದೆ. ಮೀನುಗಾರರು ಸೆಪ್ಟೆಂಬರಿನಲ್ಲಿ ಒಮ್ಮೆ ತುಂಬಿ. ಗುಡ್ಡದ ಬುಡದವರಿಗೆ ಇದು ತಿರುಗಾಮುರುಗಾ. ಅವರು ಫೆಬ್ರವರಿಯಲ್ಲಿ ತುಂಬಿದರೆ ಎಲ್ಲವೂ ಅಡ್ಡಿಲ್ಲ ಅನ್ನಿಸುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಮತ್ತೊಮ್ಮೆ ತುಂಬಬೇಕು. ಪಟ್ಟಿ ಕೇಳುವುದು ಒಂದೇ ತಿಂಗಳ ಕಥೆ. ನಮ್ಮ ವರ್ಷಕ್ಕೆ ಮಳೆ ಮತ್ತು ಸಮುದ್ರ ಎಂಬ ಎರಡು ಪಂಚಾಂಗ ಇದೆ ಎಂದು ಅದನ್ನು ಬರೆದವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಮೂರನೆಯದು: ಸದಾ ಮೈಯೆಲ್ಲ ಕಣ್ಣಾಗಿ ಇರುತ್ತೀರಾ, ಸಣ್ಣದಕ್ಕೂ ಬೆಚ್ಚಿಬೀಳುತ್ತೀರಾ?

ಇದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಗುಡ್ಡ ಬಿರುಕು ಬಿಟ್ಟಿದೆ, ಮಳೆ ನಿಂತಿಲ್ಲ, ರೆಡ್ ಅಲರ್ಟ್ ಇದೆ, ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಬಿಟ್ಟು ಹಿಂಬದಿಯ ಧರೆ ನೋಡುವವನಿಗೆ ಮನೋರೋಗ ಎಂದರೆ ನಾನು ಒಪ್ಪುವುದಿಲ್ಲ. ಅವನು ಮಾಡಬೇಕಾದ್ದನ್ನೇ ಮಾಡುತ್ತಿದ್ದಾನೆ. ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಜಾಗ ಬದಲಾದಾಗ ಮೈ ಸಡಿಲವಾಗುತ್ತಾ ನೋಡಿ. ಹುಬ್ಬಳ್ಳಿಯ ತಂಗಿ ಮನೆಗೆ ಹೋಗಿದ್ದೀರಿ. ಸುತ್ತ ಬಯಲು, ಗುಡ್ಡ ಎಂಬುದಿಲ್ಲ. ಅಲ್ಲಿ ಒಳ್ಳೆ ನಿದ್ದೆ ಬಂದರೆ ಮನೆಯಲ್ಲಿ ಇದ್ದದ್ದು ಎಚ್ಚರ. ಅಲ್ಲೂ ಕುಕ್ಕರ್ ಸೀಟಿಗೆ ಬೆಚ್ಚಿಬಿದ್ದು, ಮಲಗುವ ಮುಂಚೆ ಬಾಗಿಲಿನ ದಾರಿ ಎಣಿಸಿ, ಚಪ್ಪಲಿ ತಲೆದೆಸೆಗೆ ಇಟ್ಟುಕೊಂಡು ಮಲಗಿದರೆ ಎಚ್ಚರ ಒಳಗೆ ಸಿಕ್ಕಿಹಾಕಿಕೊಂಡಿದೆ ಎಂದರ್ಥ.

ನಾಲ್ಕನೆಯದು: ಮನಸ್ಸು ಮರಗಟ್ಟಿದ ಹಾಗೆ, ಜನರಿಂದ, ಮಾಡುವ ಕೆಲಸದಿಂದ, ಸುತ್ತಲಿನಿಂದ ದೂರವಾದ ಹಾಗೆ ಅನ್ನಿಸುತ್ತಾ?

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಣ್ತಪ್ಪುವುದು ಇದೇ. ಬೆಚ್ಚಿಬೀಳುವವನು ಮನೆಯವರನ್ನೂ ಎಬ್ಬಿಸುತ್ತಾನೆ, ಹಾಗಾಗಿ ಗೊತ್ತಾಗುತ್ತದೆ. ಮರಗಟ್ಟಿದವರು ಯಾರಿಗೂ ತೊಂದರೆ ಕೊಡುವುದಿಲ್ಲ. ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಇದು ಒಬ್ಬರದ್ದಲ್ಲ, ಕೆಲವರದ್ದನ್ನು ಸೇರಿಸಿ, ಗುರುತು ಸಿಗದ ಹಾಗೆ ಹೇಳುತ್ತಿದ್ದೇನೆ. ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಹೋಗುತ್ತಿದ್ದವರು. ಜೊತೆಗೆ ಹೋಗುತ್ತಿದ್ದ ನಾದಿನಿ ದೋಣಿ ಅಪಘಾತದಲ್ಲಿ ಹೋದಳು, ಇವರು ಬದುಕಿದರು. ಹದಿನಾಲ್ಕನೇ ದಿನಕ್ಕೆಲ್ಲ ಎದ್ದು ಅಡುಗೆ, ದನ, ಮಕ್ಕಳ ಡಬ್ಬಿ, ಎಲ್ಲ ಶುರು ಮಾಡಿದರು. ಅತ್ತಿದ್ದನ್ನು ಯಾರೂ ನೋಡಲಿಲ್ಲ. 'ಗಟ್ಟಿಗಿತ್ತಿ' ಎಂದು ಕೇರಿಯೆಲ್ಲ ಹೊಗಳಿತು. ಪಟ್ಟಿಯ ಮೊದಲ ಮೂರಕ್ಕೂ ಅವರು 'ಇಲ್ಲ' ಅಂದರು. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಮಗಳಿಗೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂತು. ಎಲ್ಲರೂ ಖುಷಿಪಟ್ಟರು. ನನಗೆ ಎಂತದೂ ಆಗಲಿಲ್ಲ. ಅದು ಬರುತ್ತದಾ ಇದರಲ್ಲಿ?' ಬರುತ್ತದೆ. ಮಾತು ಮುಂದುವರಿದ ಮೇಲೆ ತಿಳಿಯಿತು, ನೀರಿಗೆ ಇಳಿಯುವುದನ್ನೂ ಅವರು ಬಿಟ್ಟಿದ್ದರು, 'ಮಂಡಿ ನೋವು' ಎಂದು. ಅಲ್ಲಿಗೆ ಎರಡನೆಯದೂ 'ಹೌದು' ಆಯಿತು.

ಯಕ್ಷಗಾನ ಎಂದರೆ ಪ್ರಾಣ ಬಿಡುತ್ತಿದ್ದ ಗಂಡಸು ಮೇಳ ಊರಿಗೇ ಬಂದರೂ ಹೋಗದಿರುವುದು, ಹೋದರೂ ಚಂಡೆಗೆ ಕಾಲು ಅಲ್ಲಾಡದಿರುವುದು, ಇದನ್ನೂ ಇದೇ ಪ್ರಶ್ನೆಯಡಿ ಸೇರಿಸಿ.

ಐದನೆಯದು: ಆಗಿದ್ದಕ್ಕೆ ನಿಮ್ಮನ್ನೇ ಅಥವಾ ಇನ್ನೊಬ್ಬರನ್ನು ದೂರುತ್ತಲೇ ಇರುತ್ತೀರಾ, ಅದನ್ನು ನಿಲ್ಲಿಸಲು ಆಗುತ್ತಿಲ್ಲವಾ? 'ಚಹಾ ಕುಡಿದು ಹೋಗು ಎಂದು ನಾನೇ ಹೇಳಿದ್ದೆ.' 'ಜಾತ್ರೆಗೆ ಕರೆದವಳು ನಾನೇ.' 'ನಾನು ಅವನ ಕೈ ಬಿಟ್ಟೆ.' ಬದುಕಿ ಉಳಿದವರ ತಲೆಯಲ್ಲಿ ಈ ಒಂದು ಸಾಲು ಸುತ್ತುತ್ತಲೇ ಇರುತ್ತದೆ. ಆದರೆ ಇನ್ನೊಬ್ಬರನ್ನು ದೂರುವ ವಿಷಯದಲ್ಲಿ ಎಚ್ಚರ ಬೇಕು. ಗುಡ್ಡವನ್ನು ನೆಟ್ಟಗೆ ಕಡಿದದ್ದು ಸರಿಯಾ, ದೋಣಿಗೆ ಎಷ್ಟು ಜನ ಹತ್ತಿದರು, ಜಾಕೆಟ್ ಇತ್ತಾ ಎಂದು ಕೇಳುವುದು ರೋಗಲಕ್ಷಣ ಅಲ್ಲ. ಅದು ಹಕ್ಕು. ಪರಿಹಾರ ಕೇಳಿ ಕಚೇರಿ ಅಲೆಯುವವರಿಗೆ 'ನಿಮಗೆ ಕೌನ್ಸೆಲಿಂಗ್ ಬೇಕು' ಎಂದು ಯಾರಾದರೂ ಸಾಗಹಾಕಲು ನೋಡಿದರೆ ಈ ಪಟ್ಟಿಯನ್ನು ಅವರ ಕೈಗೆ ಕೊಡಬೇಡಿ. ಸಿಟ್ಟು ನ್ಯಾಯವೇ ಆಗಿದ್ದೂ ಅದೇ ಸಿಟ್ಟು ನಿಮ್ಮ ಊಟ, ನಿದ್ದೆ, ಮಕ್ಕಳ ಜೊತೆಗಿನ ಮಾತು ಎಲ್ಲವನ್ನೂ ತಿಂದುಹಾಕಿದ್ದರೆ ಆಗ ನಿಮ್ಮ ಸಲುವಾಗಿ 'ಹೌದು' ಬರೆಯಿರಿ.

ಇನ್ನು ಲೆಕ್ಕ. ಐದರಲ್ಲಿ ಮೂರು ಅಥವಾ ನಾಲ್ಕು 'ಹೌದು' ಬಂದರೆ ವೈದ್ಯರಿಗೆ ತೋರಿಸಬೇಕು. ಮೂರೋ ನಾಲ್ಕೋ ಎಂಬುದರಲ್ಲಿ ಸಂಶೋಧಕರ ನಡುವೆಯೇ ಎರಡು ಮಾತಿದೆ. ನಾಲ್ಕು ಎಂದಿಟ್ಟರೆ ಕೆಲವರು, ಅದರಲ್ಲೂ ಹೆಂಗಸರು, ತಪ್ಪಿಹೋಗುವ ಸಂಭವ ಜಾಸ್ತಿ. ನಾನು ಮೂರಕ್ಕೇ ಬನ್ನಿ ಅನ್ನುತ್ತೇನೆ. ಬಂದು ಏನೂ ಇಲ್ಲ ಎಂದಾದರೆ ಹೋದದ್ದು ಒಂದು ಬಸ್ ಚಾರ್ಜು. ಎರಡೇ 'ಹೌದು' ಇದ್ದರೂ ಆ ಎರಡರಿಂದಲೇ ದುಡಿಮೆ ನಿಂತಿದ್ದರೆ ಆಗಲೂ ಬನ್ನಿ.

ಅಂಕ ಬಂದ ತಕ್ಷಣ 'ನನಗೆ ಪಿಟಿಎಸ್‌ಡಿ ಇದೆ' ಎಂದು ಹೇಳಿಕೊಂಡು ತಿರುಗಬೇಡಿ. ಬಂದರಿನಲ್ಲಿ ಮೂರನೇ ನಂಬರ್ ಸಿಗ್ನಲ್ ಹಾಕಿದರೆ ನಿಮ್ಮ ಬೋಟ್ ಮುಳುಗಿತು ಎಂದಲ್ಲ, ಹವಾಮಾನ ನೋಡದೆ ಹೊರಡಬೇಡಿ ಎಂದಷ್ಟೇ. ಈ ಅಂಕವೂ ಅಷ್ಟೇ. ವೈದ್ಯರು ನೋಡುವುದು ಇನ್ನೂ ದೊಡ್ಡ ಪಟ್ಟಿ, ಅದರಲ್ಲಿ 20 ಲಕ್ಷಣ. ನುಗ್ಗುವ ನೆನಪು, ತಪ್ಪಿಸಿಕೊಳ್ಳುವುದು, ಯೋಚನೆ ಮತ್ತು ಭಾವನೆ ಕೆಡುವುದು, ಅತಿಯಾದ ಎಚ್ಚರ, ಈ ನಾಲ್ಕೂ ಗುಂಪಿನಿಂದ ಬರಬೇಕು, ತಿಂಗಳಿಗಿಂತ ಜಾಸ್ತಿ ಇರಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ಅದೇ 20ಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪಿಸಿಎಲ್-5 ಎಂಬ ಪಟ್ಟಿಯೂ ಇದೆ. 80ರಲ್ಲಿ 31ರಿಂದ 33ರ ಆಸುಪಾಸು ಬಂದರೆ ಮುಂದಿನ ಪರೀಕ್ಷೆ ಬೇಕು ಎಂಬ ಲೆಕ್ಕ. ಅದು ಹೆಚ್ಚಾಗಿ ಚಿಕಿತ್ಸೆ ಶುರುವಾದ ಮೇಲೆ ಇಳಿಯುತ್ತಿದೆಯಾ ನೋಡಲು ಉಪಯೋಗ. ಮನೆಯಲ್ಲಿ ಐದೇ ಸಾಕು. ಥೈರಾಯ್ಡ್ ಏರಿದರೂ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದರೆ ಸಿಡುಕು, ಮರೆವು ಅದರಿಂದಲೂ ಬರಬಹುದು. ಖಿನ್ನತೆಯಲ್ಲೂ ಮನಸ್ಸು ಮರಗಟ್ಟುತ್ತದೆ. ಇದನ್ನೆಲ್ಲ ಬೇರ್ಪಡಿಸುವುದು ಕಾಗದದಿಂದ ಆಗುವುದಲ್ಲ.

ತುಂಬುವ ರೀತಿಯನ್ನೂ ಹೇಳಬೇಕು. ಹಗಲಿನಲ್ಲಿ ತುಂಬಿ, ರಾತ್ರಿ ಬೇಡ. ಕುಡಿದು ಬೇಡ. ಒಂದಕ್ಕಿಂತ ಹೆಚ್ಚು ಘಟನೆ ಇದ್ದರೆ ಈಗ ಅತಿ ಹೆಚ್ಚು ಕಾಡುವ ಒಂದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಘಟನೆಯನ್ನು ಬಿಡಿಸಿ ಬರೆಯುವ ಅಗತ್ಯವೇ ಇಲ್ಲ, ಪಟ್ಟಿ ಅದನ್ನು ಕೇಳುವುದೂ ಇಲ್ಲ. ನಡುವೆ ಮೈ ನಡುಗಿದರೆ, ಉಸಿರು ಕಟ್ಟಿದರೆ, ಬಿಟ್ಟುಬಿಡಿ. ಪಾದ ನೆಲಕ್ಕೆ ಊರಿ. ಎದುರಿಗಿರುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ: ಕ್ಯಾಲೆಂಡರ್, ತಂಬಿಗೆ, ಕಿಟಕಿ. ಇವತ್ತು ಯಾವ ವಾರ ಎಂದು ಜೋರಾಗಿ ಹೇಳಿಕೊಳ್ಳಿ. ಪಟ್ಟಿ ಮುಗಿಸಲಾಗದೆ ಎದ್ದಿರಿ ಎಂಬುದೇ ವೈದ್ಯರಿಗೆ ಹೇಳುವ ಮಾತಾಯಿತು.

ಈ ಐದು ಪ್ರಶ್ನೆಗಳಲ್ಲಿ ಒಂದು ದೊಡ್ಡ ಕೊರತೆ ಇದೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ಅದು ಕೇಳುವುದಿಲ್ಲ. ಹಾಗಾಗಿ ನಾನು ಕೇಳುತ್ತೇನೆ. ಬದುಕುವುದೇ ಬೇಡ, ಅವರ ಜೊತೆ ನಾನೂ ಹೋಗಬೇಕಿತ್ತು ಅನ್ನಿಸುತ್ತಿದ್ದರೆ ಅಂಕ ಎಣಿಸುತ್ತ ಕೂರಬೇಡಿ. ಪಕ್ಕದಲ್ಲಿರುವವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕುಡಿತದ ಬಗ್ಗೆ ಗಂಡಸರಿಗೆ ಉಪದೇಶ ಮಾಡಲು ನಾನು ಬಂದಿಲ್ಲ. ಒಂದು ಗಮನಿಸಿ ಸಾಕು: ಘಟನೆಯ ಮುಂಚೆ ವಾರಕ್ಕೊಮ್ಮೆ ಇದ್ದದ್ದು ನಂತರ ದಿನಾ ಆಗಿದೆಯಾ, ನಿದ್ದೆಗಾಗಿಯೇ ಆಗಿದೆಯಾ? ಮದ್ಯ ಕಣ್ಣು ಮುಚ್ಚಿಸುತ್ತದೆ, ಬೆಳಗಿನ ಜಾವದ ನಿದ್ದೆಯನ್ನು ಹರಿದುಹಾಕುತ್ತದೆ, ಕೆಟ್ಟ ಕನಸು ಬೀಳುವುದು ಆಗಲೇ. ಮೆಡಿಕಲ್ ಶಾಪಿನವರ ಪರಿಚಯದಿಂದ ತಂದ ನಿದ್ದೆ ಮಾತ್ರೆಯೂ ಬೇಡ. ಅಂಥ ಮಾತ್ರೆಗಳು ಪಿಟಿಎಸ್‌ಡಿಯನ್ನು ವಾಸಿ ಮಾಡುವುದಿಲ್ಲ, ಚಟ ಹಿಡಿಸುತ್ತವೆ. ಹಾಗೆಂದು ಈಗಾಗಲೇ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸಲೂ ಬಾರದು, ವೈದ್ಯರನ್ನು ಕೇಳಿ ನಿಧಾನವಾಗಿ.

ಒಬ್ಬ ಶಿಕ್ಷಕಿ ಕೇಳಿದರು: 'ಮಕ್ಕಳಿಗೆ ಇದನ್ನು ಶಾಲೆಯಲ್ಲಿ ತುಂಬಿಸಬಹುದಾ?' ಬೇಡ. ಇದು ದೊಡ್ಡವರಿಗಾಗಿ ಮಾಡಿದ್ದು. ಮಕ್ಕಳು ಮಾತಿನಲ್ಲಿ ಹೇಳುವುದಕ್ಕಿಂತ ಆಟದಲ್ಲಿ ಜಾಸ್ತಿ ಹೇಳುತ್ತಾರೆ. ಮರಳಿನಲ್ಲಿ ಗುಡ್ಡ ಮಾಡಿ, ಆಟಿಕೆ ಲಾರಿ ಇಟ್ಟು, ಬೀಳಿಸಿ, ಮತ್ತೆ ಮಾಡಿ, ಮತ್ತೆ ಬೀಳಿಸಿ, ಮುಖದಲ್ಲಿ ಖುಷಿಯೇ ಇಲ್ಲದೆ ಅದನ್ನೇ ಆಡುತ್ತಿದ್ದರೆ ಗಮನ ಕೊಡಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಅಮ್ಮನ ಸೆರಗು ಬಿಡದಿರುವುದು, ಮಳೆ ದಿನ ಮಾತ್ರ ಹೊಟ್ಟೆನೋವು. ಬೈಯಬೇಡಿ. ಪೋಷಕರನ್ನು ಕರೆದು ವೈದ್ಯರ ಹತ್ತಿರ ಕಳಿಸಿ.

ತೋರಿಸುವುದು ಎಲ್ಲಿ? ನಮ್ಮ ಜಿಲ್ಲೆಯಲ್ಲಿ ಯಾವ ಕಾಯಿಲೆಗಾದರೂ ಗೋವಾ, ಮಂಗಳೂರು, ಹುಬ್ಬಳ್ಳಿ ಎಂದು ಓಡುವುದು ಅಭ್ಯಾಸವಾಗಿದೆ. ಓಡಬೇಕಾದ ಪರಿಸ್ಥಿತಿಯೂ ಇದೆ, ಆ ದೂರು ಇನ್ನೊಂದು ದಿನಕ್ಕಿರಲಿ. ಇದಕ್ಕೆ ಮೊದಲ ಹೆಜ್ಜೆಯೇ ಅಷ್ಟು ದೂರ ಇಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಸುವ ಯೋಜನೆಯೂ ರಾಜ್ಯದಲ್ಲಿದೆ. ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋದಾಗ ಕಥೆಯೆಲ್ಲ ಹೇಳಬೇಕಾಗುತ್ತದೆ ಎಂಬ ಹೆದರಿಕೆಗೇ ಹಲವರು ಹೋಗುವುದಿಲ್ಲ. ಎರಡು ಮಾತು ಸಾಕು. 'ಹೋದ ವರ್ಷ ಒಂದು ಅಪಘಾತದಲ್ಲಿ ಬದುಕಿದೆ. ಈ ಐದರಲ್ಲಿ ನಾಲ್ಕು ನನಗಿದೆ.' ಕಾಗದ ಕೈಗೆ ಕೊಡಿ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತಿನ ಚಿಕಿತ್ಸೆ. ತಪ್ಪಿಸಿಕೊಳ್ಳುತ್ತಿರುವ ನೆನಪನ್ನು, ಜಾಗವನ್ನು ತರಬೇತಾದವರ ಜೊತೆ ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು ಒಂದು ಬಗೆ. 'ತಪ್ಪೆಲ್ಲ ನನ್ನದೇ' ಎಂಬಂಥ ಯೋಚನೆಯನ್ನು ಕೂತು ಪರಿಶೀಲಿಸುವುದು ಇನ್ನೊಂದು. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬುದೂ ಇದೆ. ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು. ಅಗತ್ಯವಿದ್ದರೆ ಸೆರ್ಟ್ರಾಲಿನ್‌ನಂಥ ಮಾತ್ರೆ ಕೊಡುತ್ತಾರೆ, ಅದು ನಿದ್ದೆ ಮಾತ್ರೆಯಲ್ಲ, ಕೆಲಸ ಮಾಡಲು ಕೆಲವು ವಾರ ಬೇಕು.

ಹಿಂದಿನ ಸಾಲಿನ ಅಜ್ಜಿಯೊಬ್ಬರು 'ದೇವಸ್ಥಾನದಲ್ಲಿ ನೂಲು ಕಟ್ಟಿಸಿದ್ದೇವೆ, ಅದನ್ನು ತೆಗೀಬೇಕಾ?' ಎಂದು ಕೇಳಿದಾಗ ಸಭೆ ನಕ್ಕಿತು. ನಗುವ ಪ್ರಶ್ನೆ ಅಲ್ಲ ಅದು. ತೆಗೆಯಬೇಡಿ. ಪ್ರಸಾದ ಕೇಳಿ, ಹರಕೆ ತೀರಿಸಿ, ಆಸ್ಪತ್ರೆಗೂ ಹೋಗಿ. ದೆವ್ವ ಹಿಡಿದಿದೆ ಎಂದು ಹೊಡೆಯುವವರ, ಹೊಗೆ ಹಾಕುವವರ ಹತ್ತಿರ ಮಾತ್ರ ಬೇಡ. ಈಗಾಗಲೇ ಬೆಚ್ಚಿದ ಜೀವ ಅದು.

ಇನ್ನೊಬ್ಬರದು ಊರಿಗೆ ಗೊತ್ತಾದರೆ ಮಗಳ ಮದುವೆಗೆ ತೊಂದರೆ ಎಂಬ ಹೆದರಿಕೆ. ನೀವು ಮನೆಯಲ್ಲಿ ತುಂಬಿದ ಕಾಗದ ನಿಮ್ಮದು, ಹರಿದು ಒಲೆಗೆ ಹಾಕಬಹುದು. ಆಸ್ಪತ್ರೆಯಲ್ಲಿ ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಮೊಬೈಲಿನಲ್ಲಿ ಯಾವ್ಯಾವುದೋ ಆ್ಯಪ್‌ಗೆ ಹೆಸರು, ನಂಬರ್ ಕೊಟ್ಟು 'ಟೆಸ್ಟ್' ಮಾಡಿಸಿಕೊಳ್ಳುವುದಕ್ಕಿಂತ ಕಾಗದ, ಪೆನ್ನು ಎಷ್ಟೋ ಮೇಲು.

ಕೊನೆಯ ಪ್ರಶ್ನೆ ಕೇಳಿದವರು ಒಬ್ಬ ಮೀನುಗಾರರ ಹೆಂಡತಿ. 'ಅವರು ತುಂಬುವುದಿಲ್ಲ. ಅವರ ಬದಲು ನಾನೇ ತುಂಬಲಾ?' ಅವರ ಮನಸ್ಸಿನೊಳಗೆ ಏನಿದೆ ಎಂದು ನೀವು 'ಹೌದು, ಇಲ್ಲ' ಬರೆಯಲು ಬರುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಬಹುದು. ರಾತ್ರಿ ಎಷ್ಟು ಹೊತ್ತಿಗೆ ಎದ್ದರು, ಯಾವ ಸದ್ದಿಗೆ ಬೆಚ್ಚಿದರು, ಎಷ್ಟು ದಿನದಿಂದ ಬಂದರಿಗೆ ಹೋಗಿಲ್ಲ, ಮಗುವನ್ನು ಕಡೆಗೆ ಎತ್ತಿಕೊಂಡದ್ದು ಯಾವಾಗ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಒಂದೊಂದು ಪದ ಬರೆದಿಟ್ಟರೂ ಸಾಕು. ಅವರು ಬಾರದಿದ್ದರೆ ಆ ಕ್ಯಾಲೆಂಡರ್ ಹಿಡಿದು ನೀವೊಬ್ಬರೇ ಬನ್ನಿ, ಹೇಗೆ ಮಾತು ತೆಗೆಯಬೇಕು ಎಂದು ಕೂತು ಯೋಚಿಸೋಣ. ಬರುವಾಗ ನಿಮಗಾಗಿಯೂ ಒಂದು ಪಟ್ಟಿ ತುಂಬಿಕೊಂಡು ಬನ್ನಿ, ಯಾಕೆಂದರೆ ಅವರ ಬೋಟ್ ಬಾರದಿದ್ದ ಆ ರಾತ್ರಿ ದಡದಲ್ಲಿ ನಿಂತಿದ್ದವರು ನೀವು.